ಚುರುಕು, ಪುಟಿ, ಚಂಗನೆ



ದತ್ತಿ ಉಪನ್ಯಾಸವೆಂದರೆ ದೊಡ್ಡ ವಿಷಯವನ್ನೇ ಎತ್ತಿಕೊಳ್ಳಬೇಕೆಂಬ ರೂಢಿಯಿದೆ. ‘ಕನ್ನಡದ ಮುಂದಿರುವ ಸವಾಲುಗಳು’ ಎಂದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಕೇಳುವವರು ಎಚ್ಚರವಾಗಿರಬೇಕಾದ ಕಷ್ಟವೂ ಇರುತ್ತಿರಲಿಲ್ಲ. ನಾನು ತೀರ ಸಣ್ಣದೊಂದನ್ನು ಹಿಡಿದಿದ್ದೇನೆ. ಜೀವ ತುಂಬಿ ತುಳುಕುವ, ಬಿದ್ದರೂ ಏಳುವ, ನಿಂತಲ್ಲಿ ನಿಲ್ಲದ ಗುಣವನ್ನು ಹೇಳಲು ಕನ್ನಡದಲ್ಲಿ ಯಾವ ಪದಗಳಿವೆ? ಅವನ್ನು ಯಾರ ಬಗ್ಗೆ ಹೇಳುತ್ತೇವೆ, ಯಾರ ಬಗ್ಗೆ ಹೇಳುವುದಿಲ್ಲ? ಇಷ್ಟೇ ವಿಷಯ. ಇಂಗ್ಲಿಷಿನ ‘ಬೌನ್ಸಿ’ ಎಂಬ ಒಂದೇ ವಿಶೇಷಣ ಚೆಂಡಿಗೂ ಹಾಸಿಗೆಗೂ ತಲೆಗೂದಲಿಗೂ ಹಾಡಿನ ಧಾಟಿಗೂ ಮನುಷ್ಯನ ಸ್ವಭಾವಕ್ಕೂ ಸಲ್ಲುತ್ತದೆ. ಅಂಥದೊಂದು ಎಲ್ಲಕ್ಕೂ ಒದಗುವ ವಿಶೇಷಣ ನಮ್ಮಲ್ಲಿಲ್ಲ. ಆ ಗುಣವನ್ನು ಕನ್ನಡ ವಿಶೇಷಣದ ಕೈಗೆ ಕೊಡದೆ ಬೇರೆ ಕಡೆ ಇಟ್ಟಿದೆ ಎಂಬುದು ನನ್ನ ವಾದ. ಎಲ್ಲಿಟ್ಟಿದೆ ಎಂಬುದನ್ನು ಹುಡುಕುತ್ತ ಹೋಗೋಣ.

ಮೊದಲು ‘ಚುರುಕು’. ಪತ್ರಿಕೆ ತೆರೆದರೆ ದಿನಕ್ಕೊಂದಾದರೂ ಸಿಗುತ್ತದೆ: ಮುಂಗಾರು ಚುರುಕು, ಬಿತ್ತನೆ ಚುರುಕು, ಮತದಾನ ಚುರುಕು, ತನಿಖೆ ಚುರುಕು. ಮೊದಲ ಮೂರನ್ನು ನಂಬಬಹುದು. ನಾಲ್ಕನೆಯದನ್ನು ಓದಿದಾಗ ಇನ್ನೂ ಯಾರೂ ಸಿಕ್ಕಿಬಿದ್ದಿಲ್ಲ ಎಂದು ಅರ್ಥ ಮಾಡಿಕೊಳ್ಳುವುದು ಕ್ಷೇಮ. ಈ ತಲೆಬರಹಗಳಲ್ಲಿ ಪದದ ನಡತೆ ಗಮನಿಸಿ. ‘ಚುರುಕು ಹುಡುಗಿ’ ಎಂದರೆ ವಿಶೇಷಣ. ‘ಹುಡುಗಿ ಚುರುಕು’ ಎಂದರೆ ಅಲ್ಲಿಗೇ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಾಗಲಿಲ್ಲ. ‘ಅವಳ ಚುರುಕು ನೋಡು’ ಎಂದರೆ ನಾಮಪದ. ಮೂರು ಕಡೆಯೂ ರೂಪ ಒಂದೇ. ‘ಚುರುಕಾದ’, ‘ಚುರುಕಿನ’, ‘ಚುರುಕಾಗಿ’, ‘ಚುರುಕುತನ’ ಎಲ್ಲ ಬೇಕಾದಾಗ ಬರುತ್ತವೆ. ಬರದಿದ್ದರೂ ಕೆಲಸ ನಿಲ್ಲುವುದಿಲ್ಲ.

ಈ ಪದಕ್ಕೆ ಇನ್ನೊಂದು ಮುಖವಿದೆ. ಬಿಸಿಲು ಚುರುಕಾಗುತ್ತದೆ. ಕಾದ ಬಾಣಲೆಗೆ ಕೈ ತಗುಲಿದರೆ ಚುರ್ರೆನ್ನುತ್ತದೆ. ಹಸಿದಾಗ ಹೊಟ್ಟೆ ಚುರುಗುಟ್ಟುತ್ತದೆ. ಯಾರೋ ಆಡಿದ ಒಂದು ಮಾತು ಚುರುಕ್ಕೆಂದು ತಾಗುತ್ತದೆ. ಕೆಲಸಗಳ್ಳ ಸಿಬ್ಬಂದಿಗೆ ಮೇಲಧಿಕಾರಿ ‘ಚುರುಕು ಮುಟ್ಟಿಸುತ್ತಾರೆ’. ಲವಲವಿಕೆಯ ಚುರುಕು, ಸುಡುವ ಚುರುಕು ಎರಡೂ ಒಂದೇ ಬೇರಿನವೋ ಬೇರೆ ಬೇರೆಯೋ ಎಂಬ ಜಗಳವನ್ನು ನಿರುಕ್ತಕಾರರಿಗೆ ಬಿಡೋಣ. ಆಡುವವರ ಕಿವಿಯಲ್ಲಂತೂ ಎರಡೂ ಬೆಸೆದುಕೊಂಡಿವೆ. ಮುಟ್ಟಿದ ತಕ್ಷಣ ಕೈ ಹಿಂದಕ್ಕೆ ಬರುತ್ತದಲ್ಲ, ಆ ವೇಗವೇ ಚುರುಕು. ಆದ್ದರಿಂದ ಚುರುಕಾದವನು ಸುಮ್ಮನೆ ಓಡಾಡಿಕೊಂಡಿರುವವನಲ್ಲ. ತಾಗಿದ್ದಕ್ಕೆ ತಟ್ಟನೆ ಎದುರಾಡುವವನು. ಶಾಲೆಯಲ್ಲಿ ಮೇಷ್ಟ್ರು ‘ಹುಡುಗ ಚುರುಕಿದ್ದಾನೆ’ ಅನ್ನುವುದು ಪ್ರಶ್ನೆಗೆ ಉತ್ತರ ಬರುವ ರೀತಿ ನೋಡಿ. ಅಡುಗೆಮನೆಯಲ್ಲಿ ‘ಕೈ ಚುರುಕು’ ಅನ್ನುವುದು ಒಗ್ಗರಣೆ ಸೀಯುವ ಮುಂಚೆ ಪಾತ್ರೆ ಇಳಿದಿದೆಯೋ ಇಲ್ಲವೋ ನೋಡಿ.

‘ಚೂಟಿ’ ಇದರ ಚಿಕ್ಕ ತಂಗಿ. ಅದನ್ನು ಮಕ್ಕಳಿಗೂ ಹರೆಯದವರಿಗೂ ಹೇಳುತ್ತೇವೆ. ಐವತ್ತು ದಾಟಿದ ಬ್ಯಾಂಕ್ ಮ್ಯಾನೇಜರರನ್ನು ‘ಬಲು ಚೂಟಿ’ ಅಂದರೆ ಹೊಗಳಿಕೆಗಿಂತ ಚೇಷ್ಟೆ ಹೆಚ್ಚು ಕೇಳಿಸುತ್ತದೆ. ‘ಲವಲವಿಕೆ’ ಇದಕ್ಕೆ ತದ್ವಿರುದ್ಧ. ನಡುಗನ್ನಡ ಕಾವ್ಯಗಳಲ್ಲಿ ಲವಲವಿಕೆ ಅಂದರೆ ತವಕ, ಕಾತರ, ಬೇಕು ಬೇಕೆಂಬ ತುಡಿತ. ಈಗ ಆ ಅರ್ಥ ಹಿಂದೆ ಸರಿದು ಉಲ್ಲಾಸ ಮುಂದೆ ಬಂದಿದೆ. ಬಳಕೆಯಲ್ಲಿ ಒಂದು ವಿಚಿತ್ರ ಕಟ್ಟುಪಾಡೂ ಸೇರಿಕೊಂಡಿದೆ: ಲವಲವಿಕೆ ಸಹಜವಾಗಿ ಇರಬೇಕಾದವರ ಬಗ್ಗೆ ಆ ಪದವನ್ನು ಅಷ್ಟಾಗಿ ಹೇಳುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ‘ಲವಲವಿಕೆಯಿಂದಿದೆ’ ಎಂಬ ಪ್ರಶಸ್ತಿಪತ್ರ ಯಾರು ಕೊಡುತ್ತಾರೆ? ಜ್ವರ ಬಿಟ್ಟ ಮರುದಿನವಾದರೆ ಬೇರೆ ಮಾತು. ಈ ಪದ ನೆನಪಾಗುವುದು ವಯಸ್ಸಾದವರನ್ನು ಕಂಡಾಗ, ಅದೂ ಒಂದು ‘ಇನ್ನೂ’ ಜೊತೆಗೆ: ‘ಎಂಬತ್ತಾದರೂ ಇನ್ನೂ ಎಂಥ ಲವಲವಿಕೆ!’ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರವರೆಗೆ ನಮ್ಮೊಡನೆ ಇದ್ದರು. ನೂರು ದಾಟಿದ ಮೇಲೂ ಪದಗಳ ಬಗ್ಗೆ ಕೇಳಿದವರಿಗೆ ಉತ್ತರ ಹೇಳುತ್ತಿದ್ದ ಅಂಥವರನ್ನು ಕಂಡರೆ ಮೊದಲು ಒದಗಿ ಬರುವ ಪದ ಇದೇ. ಹಾಗಾಗಿ ಲವಲವಿಕೆಯಲ್ಲಿ ಮೆಚ್ಚುಗೆಯ ಜೊತೆ ಒಂದಿಷ್ಟು ಆಶ್ಚರ್ಯವೂ ಇರುತ್ತದೆ. ಮೂವತ್ತರವರಿಗೆ ಹೇಳುವ ಮುಂಚೆ ಯೋಚಿಸಿ.

ಕಾಯಿಲೆಯಿಂದ ಎದ್ದ ಮಗುವಿಗೆ ನಮ್ಮ ತಾಯಂದಿರು ಹೇಳುವ ಪದ ‘ಗೆಲುವು’. ‘ನಿನ್ನೆ ಬಾಡಿಹೋಗಿತ್ತು, ಇವತ್ತು ಗೆಲುವಾಗಿದೆ.’ ನನಗೆ ಈ ಗುಂಪಿನಲ್ಲಿ ಅತಿ ಪ್ರಿಯವಾದದ್ದು ಇದು. ಚುನಾವಣೆಯಲ್ಲೂ ಕುಸ್ತಿಯಲ್ಲೂ ಕೋರ್ಟಿನಲ್ಲೂ ಸಿಗುವ ಗೆಲುವು, ಎರಡು ದಿನ ಗಂಜಿ ಕುಡಿದು ಮೂರನೆಯ ದಿನ ಅಂಗಳಕ್ಕೆ ಓಡಿದ ಮಗುವಿನ ಮುಖದಲ್ಲಿರುವ ಗೆಲುವು, ಎರಡಕ್ಕೂ ಒಂದೇ ಪದ. ಯಾರ ಮೇಲೆ ಗೆದ್ದಿತು ಎಂದು ಕೇಳುವ ಅಗತ್ಯ ಯಾರಿಗೂ ಕಾಣುವುದಿಲ್ಲ. ‘ಗೆಲುವಿನ ಮುಖ’ ಎಂದರೆ ಕಳೆಯುಳ್ಳ ಮುಖ. ‘ಗೆಲುಮುಖ’ ಎಂದೂ ಬರೆಯುವುದುಂಟು.

ಇದೇ ಗುಂಪಿನ ‘ಚಟುವಟಿಕೆ’ಗೆ ಮಾತ್ರ ಒಳ್ಳೆಯ ಗತಿ ಬರಲಿಲ್ಲ. ಅದರ ಸದ್ದಿನಲ್ಲೇ ಚಟಪಟ ಎಂಬ ಓಡಾಟ ಇದೆ. ‘ಚಟುವಟಿಕೆಯ ಹೆಂಗಸು’ ಅಂದರೆ ಮನೆ, ತೋಟ, ಮಹಿಳಾ ಸಂಘ ಮೂರನ್ನೂ ತೂಗಿಸಿಕೊಂಡು ಹೋಗುವವಳು. ಆಮೇಲೆ ಕಚೇರಿಗಳು ಈ ಪದವನ್ನು ಹಿಡಿದುಕೊಂಡವು. ಪಠ್ಯೇತರ ಚಟುವಟಿಕೆ, ಆರ್ಥಿಕ ಚಟುವಟಿಕೆ, ಕಾನೂನುಬಾಹಿರ ಚಟುವಟಿಕೆ, ಚಟುವಟಿಕೆ ಆಧಾರಿತ ಕಲಿಕೆ. ಕೊನೆಯ ನುಡಿಗಟ್ಟನ್ನು ಸುತ್ತೋಲೆಯಲ್ಲಿ ಓದುವಾಗ ಯಾವ ಮೇಷ್ಟ್ರಿಗೂ ಕುರ್ಚಿಯಿಂದ ಏಳಬೇಕೆನಿಸುವುದಿಲ್ಲ. ವಿಚಿತ್ರವೆಂದರೆ ಅದೇ ಶಿಕ್ಷಣ ಇಲಾಖೆ ಇದೇ ವಿಚಾರಕ್ಕೆ ಇನ್ನೊಂದು ಹೆಸರನ್ನೂ ಇಟ್ಟಿದೆ: ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಯೋಜನೆ. ಹೆಸರಿನಲ್ಲಿ ವಿಶೇಷಣ ಇಲ್ಲ, ಪ್ರತ್ಯಯ ಇಲ್ಲ. ಎರಡು ಬರಿಯ ಧಾತುಗಳು, ಪ್ರಾಸ ಹಾಕಿಕೊಂಡು. ಸರ್ಕಾರಿ ಹೆಸರುಗಳಲ್ಲಿ ಇಷ್ಟು ಹಗುರಾದದ್ದು ಅಪರೂಪ. ಬೇಂದ್ರೆಯವರ ‘ಕುಣಿಯೋಣು ಬಾರಾ’ ಎಂಬ ಕವಿತೆಯ ಹೆಸರನ್ನು ನೋಡಿ, ಅಲ್ಲಿಯೂ ಎರಡು ಕ್ರಿಯಾಪದಗಳೇ. ಧಾರವಾಡದ ಕಿವಿ ಅದು; ಉಲ್ಲಾಸವನ್ನು ಬಣ್ಣಿಸಲು ಹೋಗದೆ ಕೈ ಹಿಡಿದು ಎಳೆಯುತ್ತದೆ.

ಇಲ್ಲಿ ನನ್ನ ವಾದದ ಮೊದಲ ಎಳೆ ಸಿಕ್ಕಿತು. ಕನ್ನಡದಲ್ಲಿ ಹುಟ್ಟಾ ವಿಶೇಷಣಗಳು ಕಡಿಮೆ: ಹಳೆ, ಹೊಸ, ದೊಡ್ಡ, ಚಿಕ್ಕ, ಒಳ್ಳೆ, ಎಳೆ, ಹಿರಿ, ಕಿರಿ. ಉಳಿದವನ್ನು ನಾಮಪದದಿಂದಲೋ ಕ್ರಿಯೆಯಿಂದಲೋ ಮಾಡಿಕೊಳ್ಳುತ್ತೇವೆ. ಡಿ.ಎನ್. ಶಂಕರ ಭಟ್ಟರು ಲೋಕದ ಹಲವು ಭಾಷೆಗಳ ವಿಶೇಷಣಗಳನ್ನು ಹೋಲಿಸಿ 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಕನ್ನಡದಲ್ಲಿ ಬರೆಯುವಾಗ ವಿಶೇಷಣಕ್ಕೆ ‘ಪರಿಚೆಪದ’, ಕ್ರಿಯಾಪದಕ್ಕೆ ‘ಎಸಕಪದ’ ಎಂದು ಹೆಸರಿಟ್ಟರು. ಹೆಸರು ಒಪ್ಪುವವರು, ಒಪ್ಪದವರು ಇಬ್ಬರೂ ಈ ಸಭೆಯಲ್ಲಿದ್ದಾರೆ. ಆ ಜಗಳಕ್ಕೆ ಬೇರೆ ದತ್ತಿ ಬೇಕು. ಸಂಸ್ಕೃತ ವ್ಯಾಕರಣದ ಅಚ್ಚಿನಲ್ಲಿ ಕನ್ನಡವನ್ನು ಎರೆದು ನೋಡಬಾರದು ಎಂಬ ಅವರ ಮುಖ್ಯ ಮಾತಿಗೆ ನಮ್ಮ ಈ ಪುಟ್ಟ ಗುಂಪು ಒಳ್ಳೆಯ ಸಾಕ್ಷಿ.

ಈಗ ಪುಟಿತಕ್ಕೆ ಬರೋಣ. ನೆಲ ಬಿಟ್ಟು ಮೇಲೇಳುವುದಕ್ಕೆ ಕನ್ನಡದಲ್ಲಿ ಎಷ್ಟು ಕ್ರಿಯೆಗಳು! ಹಾರು, ನೆಗೆ, ಜಿಗಿ, ಎಗರು, ಚಿಮ್ಮು, ಪುಟಿ, ಕುಪ್ಪಳಿಸು. ನಿಘಂಟಿನಲ್ಲಿ ಒಂದನ್ನು ತೆರೆದರೆ ಉಳಿದವನ್ನು ಅರ್ಥವಾಗಿ ಕೊಟ್ಟಿರುತ್ತಾರೆ, ಅವನ್ನು ತೆರೆದರೆ ಇದನ್ನು. ಬಳಸುವವರಿಗೆ ಮಾತ್ರ ಗೊಂದಲವಿಲ್ಲ. ಹಾರುವುದಕ್ಕೆ ದಾಟಬೇಕಾದ ಒಂದು ಹಳ್ಳವೋ ಬೇಲಿಯೋ ಗಾಳಿಯೋ ಬೇಕು. ನೆಗೆತದಲ್ಲಿ ಮೈಯೆಲ್ಲ ಸೇರಿದ ಬಲವಿದೆ; ಆದರೆ ‘ನೆಗೆದುಬೀಳು’ ಎಂದು ಜೋಡಿಸಿದರೆ ಬೈಗುಳ, ಸಾಯಿ ಎಂದರ್ಥ. ಎಗರುವುದರಲ್ಲಿ ಸ್ವಲ್ಪ ಪುಂಡತನವಿದೆ: ‘ಎಗರಾಡಬೇಡ’ ಅಂದರೆ ಮೈಮೇಲೆ ಬರಬೇಡ, ‘ಎಗರಿಸಿದ’ ಅಂದರೆ ಕದ್ದ. ಚಿಮ್ಮುವುದಕ್ಕೆ ಒಳಗೆ ಒತ್ತಿ ಹಿಡಿದದ್ದು ಏನಾದರೂ ಇರಬೇಕು, ನೀರೋ ರಕ್ತವೋ. ಪತ್ರಿಕೆಗಳ ‘ಚಿಮ್ಮುಹಲಗೆ’ ಅದಕ್ಕೇ ಚೆನ್ನಾದ ಪದ. ಕುಪ್ಪಳಿಸುವುದು ಕಪ್ಪೆಯ ಸ್ವತ್ತು. ಖುಷಿಯಾದ ಮಕ್ಕಳು ಅದನ್ನು ಎರವಲು ಪಡೆಯುತ್ತಾರೆ.

‘ಪುಟಿ’ಯ ವಿಶೇಷ ಬೇರೆ. ಪುಟಿಯಬೇಕಾದರೆ ಮೊದಲು ಬೀಳಬೇಕು. ಬಿದ್ದದ್ದು ತನ್ನ ಗುಣದಿಂದಲೇ ಮೇಲೆ ಬರಬೇಕು, ಯಾರೂ ಎತ್ತಬಾರದು. ‘ಪುಟಚೆಂಡು’ ಎಂಬ ಹಳೆಯ ಜೋಡುಪದದಲ್ಲಿ ಇದೆಲ್ಲ ಅಡಗಿದೆ. ಕ್ರೀಡಾಪುಟಗಳಲ್ಲಿ ‘ಪುಟಿದೆದ್ದ ತಂಡ’ ಎಂದು ಬರೆದಾಗ ಹಿಂದಿನ ಪಂದ್ಯ ಸೋತಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸತತವಾಗಿ ಗೆಲ್ಲುತ್ತಿರುವ ತಂಡ ಎಷ್ಟೇ ಚೆನ್ನಾಗಿ ಆಡಲಿ, ಪುಟಿದೇಳಲಾರದು.

ಈ ಪದದ ಮೊದಲ ಅಕ್ಷರ ಇನ್ನೊಂದು ಕಥೆ ಹೇಳುತ್ತದೆ. ಹಳಗನ್ನಡದಿಂದ ನಡುಗನ್ನಡಕ್ಕೆ ಬರುವಾಗ ಪದದ ಮೊದಲಿನ ಪಕಾರ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪುಟ್ಟು ಹುಟ್ಟಾಯಿತು. ಪುಟಿ ಮಾತ್ರ ‘ಹುಟಿ’ ಆಗಲಿಲ್ಲ. ಅದರ ಜೊತೆ ಪಟಪಟ, ಪಟ್ಟನೆ, ಪಕ್ಕನೆ, ಪಕಪಕ, ಪುಟಪುಟ ಇವೂ ಪಕಾರ ಬಿಡಲಿಲ್ಲ. ಸದ್ದಿನಿಂದಲೇ ಅರ್ಥ ಹೊಳೆಯಿಸುವ ಪದಗಳು ಧ್ವನಿನಿಯಮಕ್ಕೆ ಸುಲಭವಾಗಿ ತಲೆಬಾಗುವುದಿಲ್ಲವೆಂಬುದು ಲೋಕದ ಎಷ್ಟೋ ಭಾಷೆಗಳಲ್ಲಿ ಕಂಡ ಸಂಗತಿ. ‘ಹಟಹಟ’ ಮಳೆ ಬಿತ್ತು ಎಂದು ಹೇಳಿ ನೋಡಿ. ತುಟಿ ಕೂಡಿ ಬಿಡುವ ಆ ಸಣ್ಣ ಸ್ಫೋಟವೇ ಇಲ್ಲವಾದರೆ ಹನಿ ಎಲ್ಲಿ ಬೀಳಬೇಕು?

ಪುಟಿಯುವ ವಸ್ತುವಿನ ಗುಣಕ್ಕೆ ನಮ್ಮ ವಿಜ್ಞಾನ ಪಠ್ಯಗಳು ಕೊಟ್ಟಿರುವ ಹೆಸರು ‘ಸ್ಥಿತಿಸ್ಥಾಪಕತ್ವ’. ಇಷ್ಟು ಭಾರದ ಪದ ತಾನೇ ಪುಟಿಯಲಾರದು ಎಂದು ನಗುವುದು ಸುಲಭ. ನಗುವ ಮುಂಚೆ ಅದರ ವಯಸ್ಸು ತಿಳಿದಿರಲಿ. ನ್ಯಾಯ-ವೈಶೇಷಿಕರು ಎಣಿಸುವ ಇಪ್ಪತ್ತನಾಲ್ಕು ಗುಣಗಳಲ್ಲಿ ಸಂಸ್ಕಾರ ಒಂದು. ಸಂಸ್ಕಾರ ಮೂರು ಬಗೆ: ವೇಗ, ಭಾವನೆ, ಸ್ಥಿತಿಸ್ಥಾಪಕ. ವೇಗ ಬಿಟ್ಟ ಬಾಣದ್ದು. ಭಾವನೆ ಎಂದರೆ ಅನುಭವ ಮನಸ್ಸಿನಲ್ಲಿ ಉಳಿಸಿ ಹೋಗುವ ಗುರುತು, ನೆನಪಿಗೆ ಕಾರಣವಾದದ್ದು. ಸ್ಥಿತಿಸ್ಥಾಪಕ ಎಂದರೆ ಬಾಗಿಸಿದ್ದನ್ನು ಮೊದಲಿದ್ದ ಸ್ಥಿತಿಗೆ ತರುವ ಗುಣ. ಪ್ರಶಸ್ತಪಾದರು ಅದಕ್ಕೆ ಬಿಲ್ಲು, ಮರದ ಕೊಂಬೆಗಳಂಥ ಉದಾಹರಣೆ ಕೊಡುತ್ತಾರೆ; ಅನ್ನಂಭಟ್ಟರ ತರ್ಕಸಂಗ್ರಹದಲ್ಲಿ ಚಾಪೆ ಬರುತ್ತದೆ. ಸುರುಳಿ ಸುತ್ತಿಟ್ಟ ಚಾಪೆಯನ್ನು ಹಾಸಿದರೆ ತುದಿ ಮತ್ತೆ ಮಡಿಸಿಕೊಂಡು ಬರುವುದನ್ನು ನೋಡಿದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮನುಷ್ಯನ ನೆನಪನ್ನೂ ಚಾಪೆಯ ಹಟವನ್ನೂ ಒಂದೇ ಗುಣದ ಕೆಳಗೆ ಇಟ್ಟ ಆ ತಾರ್ಕಿಕರ ಬುದ್ಧಿ ನನಗೆ ಸೋಜಿಗ. ವಸ್ತುವಿಗೂ ತನ್ನ ಹಿಂದಿನ ರೂಪದ ನೆನಪಿದೆ ಎಂದಾಯಿತಲ್ಲ.

ಭೌತಶಾಸ್ತ್ರ ಪಾಠದಲ್ಲಿ ಮಾತ್ರ ಈ ಪದ ಮಕ್ಕಳನ್ನು ತಬ್ಬಿಬ್ಬು ಮಾಡುತ್ತದೆ. ‘ರಬ್ಬರಿಗಿಂತ ಉಕ್ಕಿನ ಸ್ಥಿತಿಸ್ಥಾಪಕತ್ವ ಹೆಚ್ಚು’ ಎಂದು ಪುಸ್ತಕ ಹೇಳುತ್ತದೆ. ಅದು ನಿಜ, ಒಂದೇ ಬಲ ಹಾಕಿದರೆ ಉಕ್ಕು ರಬ್ಬರಿನಷ್ಟು ರೂಪಗೆಡುವುದಿಲ್ಲ. ಆದರೆ ಮಗುವಿನ ಮನಸ್ಸಿನಲ್ಲಿರುವುದು ‘ಹಿಗ್ಗುವುದು’. ಅದರ ಲೆಕ್ಕದಲ್ಲಿ ರಬ್ಬರೇ ಗೆಲ್ಲಬೇಕು. ಹಿಗ್ಗು, ಕುಗ್ಗು ಎಂಬ ಈ ಜೋಡಿಯಲ್ಲಿ ಸ್ವಲ್ಪ ನಿಲ್ಲೋಣ. ಎಳೆದರೆ ರಬ್ಬರು ಹಿಗ್ಗುತ್ತದೆ, ಮೆಚ್ಚಿದರೆ ಮನುಷ್ಯ ಹಿಗ್ಗುತ್ತಾನೆ. ಬಿಟ್ಟರೆ ರಬ್ಬರು ಕುಗ್ಗುತ್ತದೆ, ಸಾಲಗಾರರು ಬಾಗಿಲಿಗೆ ಬಂದರೆ ಮನುಷ್ಯ ಕುಗ್ಗುತ್ತಾನೆ. ಹೊಗಳಿಕೆಗೆ ಹಿಗ್ಗಬಾರದು, ತೆಗಳಿಕೆಗೆ ಕುಗ್ಗಬಾರದು ಎಂದು ಹಿರಿಯರು ಹೇಳುವಾಗ ಅವರು ಉಪಮೆ ಕೊಡುತ್ತಿದ್ದಾರೆಂದು ಯಾರಿಗೂ ಅನಿಸುವುದಿಲ್ಲ. ವಸ್ತುವಿನ ಪುಟಿತಕ್ಕೂ ಜೀವದ ಉಲ್ಲಾಸಕ್ಕೂ ‘ಬೌನ್ಸಿ’ ಮಾಡುವ ಸೇತುವೆಯನ್ನು ಕನ್ನಡವೂ ಕಟ್ಟಿದೆ. ಕಟ್ಟಿರುವುದು ಕ್ರಿಯಾಪದದ ಮೇಲೆ.

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಅಡಿಕೆ ತೋಟಗಳಲ್ಲಿ ಕೊನೆಗಾರನ ಕೆಲಸ ನೋಡಿದವರು ಈ ಸಭೆಯಲ್ಲಿ ಇರಬಹುದು. ಪಳಗಿದ ಕೊನೆಗಾರ ಒಂದು ಮರದಲ್ಲಿ ಕೊನೆ ಕೊಯ್ದ ಮೇಲೆ ಪ್ರತಿ ಸಲವೂ ನೆಲಕ್ಕಿಳಿದು ಮುಂದಿನ ಮರ ಹತ್ತುತ್ತ ಕೂರುವುದಿಲ್ಲ. ತಾನಿರುವ ಮರವನ್ನು ಮೈಭಾರದಿಂದಲೇ ತೂಗುತ್ತಾನೆ. ಮೊದಲು ಒಂದು ಗೇಣು, ಆಮೇಲೆ ಒಂದು ಮಾರು. ನೆತ್ತಿಯ ಸೋಗೆಗಳು ಬರಬರನೆ ಸದ್ದು ಮಾಡುತ್ತವೆ. ಬಾಗಿದ ಮರ ಪಕ್ಕದ ಮರದ ಹತ್ತಿರ ಹೋದ ಗಳಿಗೆಯಲ್ಲಿ ಕೈ ಚಾಚಿ ಅದನ್ನು ಹಿಡಿಯುತ್ತಾನೆ, ಕಾಲು ದಾಟಿಸುತ್ತಾನೆ, ಹಳೆಯ ಮರವನ್ನು ಬಿಡುತ್ತಾನೆ. ಬಿಟ್ಟ ಮರ ಸರ್ರನೆ ನಿಮಿರಿ, ಆಚೆಗೂ ಒಮ್ಮೆ ಬಾಗಿ, ನೆತ್ತಿಯಲ್ಲಿ ನಡುಗಿ ನಿಲ್ಲುತ್ತದೆ. ಆ ಮರ ಎಂಥದು ಎಂದು ಕೆಳಗೆ ನಿಂತವರನ್ನು ಕೇಳಿದರೆ ವಿಶೇಷಣ ಸಿಗುವುದಿಲ್ಲ. ಬಾಗ್ತದೆ, ಬಳು­ಕ್ತದೆ, ಮುರಿಯುವುದಿಲ್ಲ ಎನ್ನುತ್ತಾರೆ. ಮೂರೂ ಕ್ರಿಯೆಗಳು, ಕೊನೆಯದು ನಿಷೇಧ. ವಯಸ್ಸಾದ ಮರವಾದರೆ ನಿಷೇಧವನ್ನು ಕೈಬಿಡುತ್ತಾರೆ, ಕೊನೆಗಾರನೂ ಅದನ್ನು ತೂಗಲು ಹೋಗುವುದಿಲ್ಲ.

ಉತ್ತರ ಕರ್ನಾಟಕದ ನಾಗರ ಪಂಚಮಿಗೆ ಹೋದರೆ ಇದೇ ಗುಣಕ್ಕೆ ಇನ್ನೊಂದು ಕ್ರಿಯೆ ಸಿಗುತ್ತದೆ: ಜೀಕು. ಗಟ್ಟಿ ಕೊಂಬೆಗೆ ಕಟ್ಟಿದ ಜೋಕಾಲಿಯ ಮೇಲೆ ಇಬ್ಬರು ಎದುರುಬದುರು ನಿಂತು, ಒಬ್ಬಳು ಮೊಣಕಾಲು ಮಡಿಸಿ ಎದ್ದಾಗ ಇನ್ನೊಬ್ಬಳು ಮಡಿಸುತ್ತ, ಹಗ್ಗ ಕಿರುಗುಟ್ಟುವಂತೆ ಮೇಲೇರುವುದು. ತೂಗುವುದು ಬೇರೆಯವರು ಮಾಡುವ ಕೆಲಸ; ತೊಟ್ಟಿಲನ್ನು ತೂಗುತ್ತಾರೆ. ಜೀಕುವುದು ತಾನೇ ಮಾಡಬೇಕಾದದ್ದು. ಮೈಸೂರು ಕಡೆಯ ಎಷ್ಟೋ ಜನರಿಗೆ ಈ ಕ್ರಿಯೆ ಪುಸ್ತಕದಲ್ಲಷ್ಟೇ ಗೊತ್ತು. ಹಬ್ಬದ ಅರಳೂ ಅಲ್ಲಿಯದೇ. ಕಾದ ಪಾತ್ರೆಯಲ್ಲಿ ಜೋಳ ಸಿಡಿದು ಅರಳಾಗುವುದನ್ನು ಕಂಡವರೇ ‘ಅರಳು ಹುರಿದ ಹಾಗೆ ಮಾತಾಡುತ್ತಾಳೆ’ ಎಂಬ ನುಡಿಗಟ್ಟನ್ನು ಕಟ್ಟಿರಬೇಕು. ಮಾತಿನ ಲವಲವಿಕೆಗೆ ಇದರಷ್ಟು ಒಪ್ಪುವ ವರ್ಣನೆ ಇನ್ನೊಂದು ಕಾಣೆ, ಅದರಲ್ಲೂ ವಿಶೇಷಣವಿಲ್ಲ.

ಕ್ರಿಯೆಯ ಬೆನ್ನಿಗೇ ಬರುವುದು ‘ನೆ’ಕಾರದ ಪದಗಳು. ಚಂಗನೆ, ತಟ್ಟನೆ, ದಿಗ್ಗನೆ, ಸರ್ರನೆ. ನನ್ನ ಮಟ್ಟಿಗೆ ಕನ್ನಡದ ಪುಟಿತವೆಲ್ಲ ಇಲ್ಲಿದೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅನುಕರಣ ಶಬ್ದಗಳನ್ನು ಗಮನಿಸಿದ್ದಾನೆ. ಶಾಲಾ ವ್ಯಾಕರಣದಲ್ಲಿ ಇವು ಅವ್ಯಯಗಳ ಪಟ್ಟಿಯಲ್ಲಿ ಎರಡು ಸಾಲು ಪಡೆದು ಕೂತಿರುತ್ತವೆ. ಪರೀಕ್ಷೆಯಲ್ಲಿ ಒಂದು ಅಂಕ, ಅಷ್ಟೇ. ಎಂ.ಬಿ. ಎಮಿನೋ 1969ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇಂಥ ಪದಗಳು ದ್ರಾವಿಡ, ಇಂಡೋ-ಆರ್ಯನ್, ಮುಂಡಾ ಭಾಷೆಗಳೆಲ್ಲದರಲ್ಲೂ ಹಬ್ಬಿರುವುದನ್ನು ತೋರಿಸಿ, ಭಾರತವನ್ನು ಒಂದು ಭಾಷಾವಲಯವಾಗಿ ನೋಡಲು ಅದೂ ಒಂದು ಆಧಾರ ಎಂದರು. ನಮ್ಮ ವ್ಯಾಕರಣ ಒಂದು ಅಂಕ ಕೊಟ್ಟದ್ದಕ್ಕೆ ಭಾಷಾಶಾಸ್ತ್ರ ಉಪಖಂಡದಷ್ಟು ಜಾಗ ಕೊಟ್ಟಿತು.

ಇವುಗಳ ಒಳಗೊಂದು ವ್ಯವಸ್ಥೆಯಿದೆ. ನಿಯಮ ಎನ್ನಲಾರೆ, ಒಲವು ಎನ್ನಬಹುದು. ನಡುವೆ ಒತ್ತಕ್ಷರವಾಗಿ ಟ, ಕ, ಗ ಬಂದರೆ ಕೆಲಸ ಒಂದೇ ಸಲ ಆಗಿ ಮುಗಿಯಿತು: ತಟ್ಟನೆ ಹೊಳೆಯಿತು, ಟಕ್ಕನೆ ನಿಂತ, ದಿಗ್ಗನೆ ಎದ್ದ. ರಕಾರ ಬಂದರೆ ಎಳೆದುಕೊಂಡು ಹೋಗುತ್ತದೆ: ಸರ್ರನೆ ಹರಿಯಿತು, ಗಿರ್ರನೆ ತಿರುಗಿತು, ಬುರ್ರನೆ ಹಾರಿತು. ಮೂಗಿನ ಅಕ್ಷರ ಬಂದರೆ ಮುಗಿದ ಮೇಲೂ ಏನೋ ಉಳಿಯುತ್ತದೆ: ಠಣ್ಣೆಂದ ತಟ್ಟೆಯ ದನಿ, ಘಮ್ಮೆಂದ ಒಗ್ಗರಣೆಯ ವಾಸನೆ. ಚಂಗನೆ ಈ ಮೂರನೆಯ ಗುಂಪಿನದು. ಕರು ನೆಗೆದದ್ದು ಕಣ್ಣಿಗೆ ಕಂಡು ಮುಗಿದರೂ ಆ ನೆಗೆತ ಗಾಳಿಯಲ್ಲಿ ಅರೆಕ್ಷಣ ನಿಂತ ಹಾಗಿರುತ್ತದೆ. ಅದು ಆ ಅನುಸ್ವಾರದ ಕೆಲಸ. ಎರಡು ಸಲ ಹೇಳಿ ‘ಚಂಗುಚಂಗನೆ’ ಎಂದರೆ ಕರು ಹೊಲದ ಆ ತುದಿ ಮುಟ್ಟಿತು. ಸ್ವರಗಳಿಗೂ ಪಾಲಿದೆ. ಕಿಲಕಿಲ ಎಂದರೆ ಮಕ್ಕಳ ನಗು, ಗಹಗಹ ಎಂದರೆ ಬಯಲಾಟದ ರಾಕ್ಷಸನದು, ಮುಸಿಮುಸಿ ಎಂದರೆ ತರಗತಿಯ ಹಿಂದಿನ ಬೆಂಚಿನದು. ಆಗತಾನೇ ನಡೆಯಲು ಕಲಿತ ಮಗು ಪುಟಪುಟನೆ ಹೆಜ್ಜೆ ಇಡುತ್ತದೆ. ಅದನ್ನು ಹಿಡಿಯಲು ದೊಡ್ಡವರು ದಡದಡನೆ ಓಡುತ್ತಾರೆ. ಅದಲುಬದಲು ಮಾಡಿದರೆ ನಗು ಬರುತ್ತದೆ.

ಚಂಗನೆಗೆ ಜೊತೆಯಾಗುವ ಪ್ರಾಣಿಗಳನ್ನೂ ನೋಡಬೇಕು. ಕರು, ಜಿಂಕೆ, ಮೊಲ, ಹುಲಿ ಸರಿ. ಬೆಕ್ಕೂ ಸರಿ. ಆನೆ ಎಂದೂ ಚಂಗನೆ ನೆಗೆಯುವುದಿಲ್ಲ, ಎಮ್ಮೆಯೂ ಇಲ್ಲ. ಎಮ್ಮೆಯ ಕರು ಮಾತ್ರ ನಾಲ್ಕು ದಿನ ನೆಗೆಯಬಹುದು. ಹಾಗಾದರೆ ಚಂಗನೆಯ ಅರ್ಥದಲ್ಲಿ ಎತ್ತರ, ವೇಗಗಳ ಜೊತೆಗೆ ನೆಗೆಯುವ ಮೈಯ ತೂಕವೂ ಸೇರಿದೆ. ‘ಒಂದು ಅನುಕರಣ ಶಬ್ದ, ನೆಗೆಯುವ ರೀತಿ’ ಎಂದು ನಿಘಂಟಿನಲ್ಲಿ ಬರೆದರೆ ಇದೆಲ್ಲ ಜಾರಿಹೋಗುತ್ತದೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ಕೋಶವನ್ನಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನಾಗಲಿ ಇದಕ್ಕಾಗಿ ದೂರುತ್ತಿಲ್ಲ. ಪದಗಳನ್ನು ಬಿಡದೆ ಸೇರಿಸಿಟ್ಟದ್ದೇ ಅವರ ದೊಡ್ಡ ಉಪಕಾರ. ಇನ್ನು ಮುಂದೆ ನಿಘಂಟು ಮಾಡುವವರು ಇಂಥ ಪದಗಳ ಮುಂದೆ ಅರ್ಥದ ಬದಲು ಜೊತೆಗಾರರನ್ನು ಬರೆಯಲಿ: ಯಾವ ಕ್ರಿಯೆಯ ಜೊತೆ, ಯಾವ ಪ್ರಾಣಿಯ ಜೊತೆ, ಯಾವುದರ ಜೊತೆ ಇಲ್ಲ.

ಇಷ್ಟು ಸರಕು ಮನೆಯಲ್ಲಿರುವಾಗ ನಮ್ಮ ಬರವಣಿಗೆ ಎಲ್ಲಿಗೆ ಹೋಗುತ್ತದೆ? ‘ಭರಿತ’, ‘ಪೂರ್ಣ’, ‘ದಾಯಕ’, ‘ಶೀಲ’ಗಳ ಅಂಗಡಿಗೆ. ಉತ್ಸಾಹಭರಿತ ಯುವಕರು, ಚೈತನ್ಯಪೂರ್ಣ ವಾತಾವರಣ, ಸ್ಫೂರ್ತಿದಾಯಕ ಮಾತುಗಳು, ಸದಾ ಕ್ರಿಯಾಶೀಲರಾದ ಮಾನ್ಯ ಅಧ್ಯಕ್ಷರು. (ಇಲ್ಲಿನ ಅಧ್ಯಕ್ಷರನ್ನು ಹೇಳಿದ್ದಲ್ಲ.) ಸಂಸ್ಕೃತದ ಮೇಲೆ ನನಗೆ ಮುನಿಸಿಲ್ಲ, ಚಾಪೆಯ ತುದಿ ಮಡಿಸಿಕೊಳ್ಳುವುದನ್ನು ಗಮನಿಸಿದ ಭಾಷೆ ಅದು. ತೊಂದರೆ ಈ ಅಂಟಿಸುವ ಚಾಳಿಯದು. ‘ಭರಿತ’ ಎಂದೊಡನೆ ಗುಣ ಒಂದು ಪಾತ್ರೆಯೊಳಗೆ ಕೂತುಬಿಡುತ್ತದೆ, ಅಲ್ಲಾಡುವುದಿಲ್ಲ. ‘ಉತ್ಸಾಹಭರಿತ ಮಕ್ಕಳು ಮೈದಾನದಲ್ಲಿದ್ದರು’ ಎಂದು ವರದಿಗಾರ ಬರೆದ. ಮಕ್ಕಳು ಏನು ಮಾಡುತ್ತಿದ್ದರು? ಗಂಟೆ ಹೊಡೆದದ್ದೇ ತಡ ಬುರ್ರನೆ ಓಡಿದರೋ, ನೆಲ್ಲಿಮರಕ್ಕೆ ಜಿಗಿದು ಕಾಯಿ ಕಿತ್ತರೋ, ಕುಂಟಾಬಿಲ್ಲೆ ಆಡಿದರೋ? ವಿಶೇಷಣ ಸಿಕ್ಕಿದ್ದರಿಂದ ಅವನಿಗೆ ನೋಡುವ ಕೆಲಸ ತಪ್ಪಿತು.

ಕ್ರಿಯೆಯಿಂದ ವಿಶೇಷಣ ಮಾಡಿಕೊಳ್ಳುವ ನಮ್ಮದೇ ದಾರಿಯಲ್ಲೂ ಒಂದು ಎಡರಿದೆ. ಪುಟಿದ, ಪುಟಿಯುವ, ಪುಟಿಯದ: ಮೂರೇ ರೂಪ. ‘ಪುಟಿಯುವ ಚೆಂಡು’ ಎಂದರೆ ಈಗ ಪುಟಿಯುತ್ತಿರುವ ಚೆಂಡೋ, ಪುಟಿಯುವ ಗುಣವುಳ್ಳದ್ದೋ? ಎರಡೂ ಆಗಬಹುದು. ಅಂಗಡಿಯಲ್ಲಿ ಕೊಳ್ಳುವ ಹುಡುಗ ಅದಕ್ಕೇ ‘ಪುಟಿಯುವ ಚೆಂಡು ಕೊಡಿ’ ಎನ್ನುವುದಿಲ್ಲ. ‘ಚೆನ್ನಾಗಿ ಪುಟಿಯುತ್ತಾ ಅಣ್ಣ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಲ್ಲೇ ಸಿಮೆಂಟಿನ ನೆಲಕ್ಕೆ ಎರಡು ಸಲ ಕುಕ್ಕಿ ನೋಡುತ್ತಾನೆ.

ಕ್ರಿಕೆಟ್ ವರದಿಯ ‘ಬೌನ್ಸಿ ಪಿಚ್’ ಈ ಎಡರಿನ ಮುಂದಿನ ಪುಟ. ಪರ್ತ್‌ನಲ್ಲಿ ಪಂದ್ಯವಿದ್ದಾಗಲೆಲ್ಲ ನಮ್ಮ ಪತ್ರಿಕೆಗಳು ಈ ಪದದೊಡನೆ ಹೆಣಗುತ್ತವೆ. ಕೆಲವರು ‘ಪುಟಿಯುವ ಪಿಚ್’ ಎನ್ನುತ್ತಾರೆ. ಪಿಚ್ ಎಲ್ಲಾದರೂ ಪುಟಿಯುತ್ತದೆಯೇ, ಪುಟಿಯುವುದು ಚೆಂಡು, ಪಿಚ್ ಪುಟಿಸುತ್ತದೆ, ಹಾಗಾಗಿ ‘ಪುಟಿಸುವ ಪಿಚ್’ ಆಗಬೇಕು ಎಂದು ಶುದ್ಧಿವಾದಿಗಳ ಆಕ್ಷೇಪ. ಕೇಳಲು ತರ್ಕವಾಗಿದೆ. ಆದರೆ ಅದೇ ತರ್ಕದಲ್ಲಿ ‘ಮಲಗುವ ಕೋಣೆ’ ತಪ್ಪು, ಕೋಣೆ ಮಲಗುವುದಿಲ್ಲವಲ್ಲ. ‘ಕುಡಿಯುವ ನೀರು’ ಇನ್ನೂ ತಪ್ಪು. ಕನ್ನಡದ ಈ ಕೃದಂತ ಯಾರು ಮಾಡಿದರು, ಎಲ್ಲಿ ಮಾಡಿದರು, ಯಾವುದನ್ನು ಮಾಡಿದರು ಎಂಬ ಸಂಬಂಧವನ್ನು ಕೇಳುವವರ ಬುದ್ಧಿಗೆ ಬಿಡುತ್ತದೆ. ಅದೇ ಅದರ ಸೊಗಸು. ಮಲಗುವ ಕೋಣೆಯಲ್ಲಿ ಮಲಗುವವರು ನಾವು, ಪುಟಿಯುವ ಪಿಚ್ಚಿನಲ್ಲಿ ಪುಟಿಯುವುದು ಚೆಂಡು. ‘ಪುಟಿಸುವ’ ಎಂಬುದೂ ಸರಿಯೇ, ಬೇಕಾದವರು ಬರೆಯಲಿ. ಕ್ರೀಡಾಪುಟ ನನ್ನ ಕೈಗೆ ಬಂದರೆ ನಾನಂತೂ ಎರಡನ್ನೂ ಬಿಟ್ಟು, ‘ಪರ್ತ್‌ನಲ್ಲಿ ಚೆಂಡು ಎದೆಮಟ್ಟ ಪುಟಿಯುತ್ತದೆ’ ಎಂದು ಬರೆಯುತ್ತೇನೆ.